ಭರಮ ಕೇಳಿಕೊಂಡು ಬಂದ ತಕರಾರು

ಹೂಂ ಅನ್ನಿ, ಹೇಳ್ತೀನಿ. ನಡುವೆ ಹೂಂ ಅನ್ನೋದು ನಿಲ್ಲಿಸಬೇಡಿ. ಈ ಕತೆಯಲ್ಲಿ ನೀವು ಸುಮ್ಮನಾದರೆ ಬೇರೆ ಯಾರಾದರೂ ಹೂಂ ಅಂದಾರು.

ಹೊಸ ಬೇವಿನದಿನ್ನಿಯಲ್ಲಿ ಚಂದವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಭರಮ. ಮೂವತ್ತು ದಾಟಿದ ಆಳು, ಎರಡು ಚೀಲ ಜೋಳ ಹೊತ್ತು ಓಡುವಂಥ ಮೈ. ತಲೆ ಮಾತ್ರ ಹೇಳಿದಷ್ಟೇ. "ದೀಪ ನೋಡಿಕೋ" ಅಂದರೆ ದೀಪದ ಮುಂದೆ ಕೂತು, ಎಣ್ಣೆ ತೀರಿ ಆರುವತನಕ ನೋಡುತ್ತಿದ್ದ. "ಹಾಲು ಉಕ್ಕಿದರ ಹೇಳು" ಅಂದರೆ, ಉಕ್ಕಿ ಹರಿದು ಒಲೆ ಆರಿದ ಮೇಲೆ ಬಂದು, "ಉಕ್ಕಿತವ್ವಾ" ಅನ್ನುತ್ತಿದ್ದ.

"ಅಯ್ಯ ನನ್ನ ಪೆದ್ದ ಮಗನ! ನಾ ಹೋದಮ್ಯಾಲೆ ನಿನ್ನ ನೋಡಾವರು ಯಾರೋ?"

"ಎಲ್ಲಿಗೆ ಹೊಂಟಿ ಅವ್ವಾ?"

"ನೀರಾಗ ಬೀಳಾಕ!"

"ತಡಿ, ಟಾವೆಲ್ ತರ್ತೀನಿ."

ಇಂಥ ಮಗ.

ಈ ಊರಿಗೆ ಹೊಸ ಅನ್ನೋ ಹೆಸರು ಯಾಕೆ ಅಂದರೆ, ಹಳೆಯದು ನೀರಿನೊಳಗಿತ್ತು. ಅಣೆಕಟ್ಟು ಎದ್ದಿತು, ಹಿನ್ನೀರು ಬಂತು, ಬದುಕಿದ್ದವರು ಗಂಟು ಕಟ್ಟಿ ದಿಬ್ಬದ ಮೇಲೆ ಬಂದರು. ಸತ್ತವರನ್ನು ಯಾರೂ ಎಬ್ಬಿಸಲಿಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ಹಳೇ ಊರಿನ ಮೋಟು ಗೋಡೆ, ಕಟ್ಟೆ, ಹೊಸ್ತಿಲು ಎಲ್ಲ ಮೇಲೇಳುತ್ತಿದ್ದವು. ಆಗ ಆ ಕಡೆ ಕುರಿಯವರೂ ಹೋಗುತ್ತಿರಲಿಲ್ಲ. ಹಳೇ ಊರಿನ ಒಂದು ಪದ್ಧತಿ ಮಾತ್ರ ದಿಬ್ಬದ ಮೇಲೂ ಬಂದಿತ್ತು: ಪಲ್ಲಕ್ಕಿ ಬರಲಿ, ಬೀಗರು ಬರಲಿ, ಬಾಗಿಲಿಗೆ ಬಂದವರ ಕಾಲಿಗೆ ಒಂದು ಕೊಡ ನೀರು ಹಾಕಬೇಕು. ನೀರು ಹಾಕಿದರೆ ಒಳಗೆ ಕರೆದ ಹಾಗೆ. ಬಾಯಲ್ಲಿ ಬೇರೆ ಹೇಳಬೇಕಿಲ್ಲ.

ಆ ಸೀಮೆಯಲ್ಲಿ ಹಂಚಿನಾಳ ಮಾಸ್ತರ್ರು ಅಂತ ಒಬ್ಬ ಡ್ರಿಲ್ ಮಾಸ್ತರ. ಕೊರಳಲ್ಲಿ ಸೀಟಿ, ತಲೆಯಲ್ಲಿ ಸೈಕಲ್ಲು. ಬೇಸಿಗೆ ಬಂತೆಂದರೆ ಐದಾರು ಊರು ಹಾಯುವ ಸೈಕಲ್ ಪಂದ್ಯ, ಆ ಕಡೆಯ ಮಾತಲ್ಲಿ ಶರ್ಯತ್ತು, ಇಡೋರು. ಹೋದ ವರ್ಷ ಏನಾಯ್ತು? ಶರ್ಯತ್ತಿಗೆ ರಸ್ತೆ ತಡೆದದ್ದಕ್ಕೆ ಹೆರಿಗೆಗೆ ಹೊರಟ ಗಾಡಿ ಅರ್ಧ ತಾಸು ಬಿಸಿಲಲ್ಲಿ ನಿಂತಿತು. ಡೇರಿಗೆ ಹೊರಟ ಕ್ಯಾನಿನ ಹಾಲು ಬಿಸಿಲಿಗೆ ಒಡೆದು ತಿರುಗಿ ಬಂತು. ಸಿಟ್ಟಾದ ಮಂದಿ ರಸ್ತೆಗೆ ಜಾಲಿಮುಳ್ಳು ಚೆಲ್ಲಿದರು, ಹದಿನೇಳು ಟ್ಯೂಬು ಠುಸ್ಸೆಂದವು. ಈ ವರ್ಷ ತಹಶೀಲ್ದಾರರು, "ರಸ್ತೆ ಮಗ್ಗಲಿನ ಪ್ರತಿ ಮನೆಯ ತಕರಾರು ಕೇಳಿ, ಪರಿಹಾರ ಮಾಡಿ, ಆಮೇಲೆ ಬನ್ನಿ" ಅಂದುಬಿಟ್ಟರು.

"ಮನಿ ಮನಿಗೆ ತಿರುಗೋ ನಿಯತ್ತಿನ ಆಳು ಬೇಕಲ್ಲ," ಅಂದರು ಮಾಸ್ತರ್ರು.

"ನನ್ನ ಮಗನ್ನ ತಗೋರೀ," ಅಂದಳು ಚಂದವ್ವ. "ಕೇಳಿದ್ದನ್ನ ಒಂದಕ್ಷರ ಬಿಡದಂಗ ಬಂದು ಒಪ್ಪಸ್ತಾನ. ಆದರ ಕೆಲಸ ಮುಗದಮ್ಯಾಲೆ ಕೈ ಬಿಡಬ್ಯಾಡ್ರಿ."

"ಚಂದಂಗ ಮಾಡಿದನಂದರ ನಮ್ಮ ಸೈಕಲ್ ಹುಡುಗರ ವಸತಿಯೊಳಗ ಇರಲಿ. ಊಟ, ಹಾಸಗಿ, ಜೊತಿಗೆ ಮಂದಿ. ಸಾಯೋತನಕ."

"ಅಷ್ಟಾತಂದರ ನಾ ನೆಮ್ಮದೀಲೆ ಕಣ್ಣು ಮುಚ್ಚತೀನ್ರಿ!"

ಮಾಸ್ತರ್ರು ಭರಮನನ್ನು ಕರೆದು ಹೇಳಿದರು: "ನೋಡಪಾ, ಪ್ರತಿ ಬಾಗಲಾ ಬಡಿ. ಒಂದೂ ಬಿಡಬ್ಯಾಡ. ತಕರಾರೇನು ಅಂತ ಕೇಳು."

"ಹೂನ್ರಿ," ಅಂದ ಭರಮ.

ಮೊದಲ ಊರು ಸೀಗಿಹಾಳ. ಬೆಳಿಗ್ಗೆ ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ಮಾಸ್ತರ್ರು ಮೋಟರ್‌ಸೈಕಲ್ ಹತ್ತಿ ಹುಡುಕುತ್ತ ಹೋದರು. ಭರಮ ಬಡಿಗೇರ ಕಾಳಪ್ಪನ ಅಂಗಳದಲ್ಲಿದ್ದ. ಮಾರೋದಕ್ಕೆ ಗೋಡೆಗೆ ಆನಿಸಿಟ್ಟ ಹೊಸ ಬಾಗಿಲುಗಳ ಮುಂದೆ ನಿಂತು ಬಡಿಯುತ್ತಿದ್ದ, ಕಿವಿಯಿಟ್ಟು ಕೇಳುತ್ತಿದ್ದ, ಮತ್ತೆ ಬಡಿಯುತ್ತಿದ್ದ.

"ಏನೋ ಇದು?"

"ಐದು ಬಾಗಲದಾಗ ಯಾರೂ ಓಗೊಡವಲ್ರರೀ. ಆರನೇದರಾಗ ಮಾತ್ರ ಯಾರೋ ಒಳಗಿಂದ ಬಡದರು."

ಕಾಳಪ್ಪ ನಕ್ಕ. ಆಮೇಲೆ ಆ ಆರನೇ ಬಾಗಿಲ ಕಡೆ ನೋಡಿದ. ಅದು ಹಿನ್ನೀರಿನಲ್ಲಿ ಸಿಕ್ಕ ಹಳೇ ತೇಗದ ಬಾಗಿಲು, ಹೆರೆದು ಹೊಸದು ಮಾಡಿದ್ದು. ಅದರ ಹಿಂದೆ ಮಣ್ಣಿನ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಕಾಳಪ್ಪನ ನಗು ನಿಂತಿತು.

"ಪೆದ್ದಾ! ಬಾಗಲಾ ಏನು ಮಾತಾಡ್ತಾವೋ?" ಅಂತ ಬೈದರು ಮಾಸ್ತರ್ರು. "ಬಾಗಲಾ ನೋಡಬ್ಯಾಡ, ಮಂದಿ ನೋಡು! ಎಲ್ಲಿ ಮಂದಿ ಕೂಡಿರ್ತಾರೋ ಅಲ್ಲಿ ಹೋಗು, ನಡುವಿನ ಹಿರಿಯಾರ ಮುಂದ ಕೂಡು, ಅವರು ಬಾಯಿ ಬಿಡೋತನಕ ಏಳಬ್ಯಾಡ!"

"ಹೂನ್ರಿ," ಅಂದ ಭರಮ.

ಮರುದಿನ ಕರಿಕಟ್ಟಿ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಒಂದು ಓಣಿಯೊಳಗಿಂದ ಭಜನೆ ಕೇಳಿಸಿತು, ಹೋದ. ಮಂದಿ ಕೂಡಿದ್ದರು. ನಟ್ಟನಡುವೆ ಗೋಡೆಗೆ ಆತು ಒಬ್ಬ ಅಜ್ಜ ಕೂತಿದ್ದ. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಮಾಲೆ, ತಲೆಗೆ ಹೊಸ ರುಮಾಲು. ಆ ಕಡೆ ಸತ್ತವರನ್ನು ಮಲಗಿಸೋದಿಲ್ಲ, ಕೂಡಿಸುತ್ತಾರೆ. ಮಣ್ಣಿಗೆ ಹೋಗೋವಾಗಲೂ ಕೂತೇ ಹೋಗುತ್ತಾರೆ.

ಭರಮ ಅಜ್ಜನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. "ಯಜ್ಜಾ, ಸೈಕಲ್ ಶರ್ಯತ್ತಿಗೆ ನಿಮ್ಮ ತಕರಾರೇನ್ರಿ?"

ಅಜ್ಜ ಮಾತಾಡಲಿಲ್ಲ.

"ಗಡಿಬಿಡಿ ಇಲ್ರೀ. ವಿಚಾರ ಮಾಡಿ ಹೇಳ್ರಿ."

ಭಜನೆ ನಿಂತುಹೋಯಿತು. ಅಳುತ್ತಿದ್ದ ಹೆಂಗಸರು ಅಳೋದು ಬಿಟ್ಟು ನೋಡಿದರು. ನಾಲ್ಕು ಜನ ಹಿಡಿದೆಳೆದರೂ ಭರಮ ಏಳಲಿಲ್ಲ. ಅಜ್ಜನನ್ನು ಎತ್ತಿದಾಗ ಎದ್ದ. ಜೊತೆಗೇ ನಡೆದ. ಹೂಳೋ ಕುಣಿಯ ಅಂಚಿನಲ್ಲಿ ಬಗ್ಗಿ, "ಈಗರೆ ಹೇಳ್ರಿ" ಅಂದ.

ಸಂಜೆ ಮಾಸ್ತರ್ರು ತಲೆ ತಲೆ ಬಡಿದುಕೊಂಡರು. "ಸತ್ತವರ್ನ ತಕರಾರು ಕೇಳ್ತಾರೇನೋ ಹುಚ್ಚಾ?"

"ಅಜ್ಜ ಹೇಳಿದರಲ್ರೀ."

"ಏನಂದರು?"

"'ನನ್ನ ಯಾಕ ಕೇಳ್ತಿ, ನಿಮ್ಮ ಊರಾಗ ಕೇಳಿಲ್ಲದವರು ಭಾಳ ಅದಾರ' ಅಂದರು. ಮಣ್ಣು ಹಾಕಿದಮ್ಯಾಲೆ ಅಂದರು, ಅದಕ್ಕ ದನಿ ಸಣ್ಣಗಿತ್ತು."

ಚಂದವ್ವ ಮಗನ ಬಾಯಿ ಮುಚ್ಚಿದಳು. ಹೆದರಿದ್ದು ಕಾಣಬಾರದು ಅಂತ ಮಾಸ್ತರ್ರು ಇನ್ನಷ್ಟು ಜೋರಾಗಿ ಬೈದರು. "ರಸ್ತೆ ಬಿಟ್ಟು ಓಣಿಗೆ ಹೋಗಂತ ನಿನಗ ಯಾರು ಹೇಳಿದರು? ಶರ್ಯತ್ತು ನಡೆಯೋದು ಡಾಂಬರ್ ಮ್ಯಾಲೆ. ಡಾಂಬರ್ ಬಿಟ್ಟು ಇಳೀಬ್ಯಾಡ! ಎಲ್ಲಿತನಕ ಐತೋ ಅಲ್ಲಿತನಕ ನೆಟ್ಟಗ ಹೋಗು. ತಾವಾಗಿ ಮಾತಾಡಿಸಿದವರ ಮಾತು ಕೇಳು, ಸುಮ್ಮನಿದ್ದವರ್ನ ಬಿಡು!"

"ಹೂನ್ರಿ."

"ಮಾಸ್ತರ್ರ, ಇದೊಂದು ಸಲ," ಅಂತ ಚಂದವ್ವ ಕೈ ಮುಗಿದಳು. "ನಾಳೆ ನಮ್ಮೂರೇ ಐತಿ. ಗುರುತಿನ ಮಂದಿ. ತಪ್ಪಂಗಿಲ್ಲ."

ತಪ್ಪಲಿಲ್ಲ. ಗುರುತಿನ ಮಂದಿಯೇ ಸಿಕ್ಕರು.

ಹೊಸ ಬೇವಿನದಿನ್ನಿಗಿಂತ ಮೊದಲು ಒಂದು ಕವಲು. ಹೊಸ ರಸ್ತೆ ಎಡಕ್ಕೆ ತಿರುಗಿ ದಿಬ್ಬ ಹತ್ತುತ್ತದೆ. ಹಳೇ ಡಾಂಬರು ನೆಟ್ಟಗೆ ಹೋಗಿ ಹಿನ್ನೀರಿಗೆ ಇಳಿಯುತ್ತದೆ. ಭರಮ ಹುಟ್ಟಿದಾಗಿನಿಂದ ಎಡಕ್ಕೇ ತಿರುಗಿದವನು. ಆದರೆ ಮಾಸ್ತರ್ರು ನೆಟ್ಟಗೆ ಅಂದಿದ್ದರು. ನೆಟ್ಟಗೆ ಹೋದ.

ಮಟಮಟ ಮಧ್ಯಾಹ್ನ. ನೀರು ಎರಡು ಮೈಲಿ ಹಿಂದೆ ಸರಿದಿತ್ತು. ಬಿರುಕು ಬಿಟ್ಟ ಮಣ್ಣು, ಬಿಳಿ ಚಿಪ್ಪು, ಮೋಟು ಗೋಡೆ. ಒಂದು ಹಕ್ಕಿಯ ಸದ್ದಿಲ್ಲ.

"ಯಾರ ಮಗನೋ ನೀ?" ಅಂತ ಯಾರೋ ಮಾತಾಡಿಸಿದರು.

ತಾವಾಗಿ ಮಾತಾಡಿಸಿದ್ದರಿಂದ ಭರಮ ನಿಂತ.

ಸಂಜೆ ಮನೆಗೆ ಬಂದಾಗ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. ಪ್ಯಾಂಟು ಮೊಣಕಾಲತನಕ ಒದ್ದೆ.

"ಎಲ್ಲಾರೂ ಮಾತಾಡಿದರು ಅವ್ವಾ! ಹೊಸ್ತಿಲ ಮ್ಯಾಲೆ ಕುಂತಿದ್ದರು. ಚಾವಣಿ ಇಲ್ಲ ಪಾಪ, ಬಿಸಲಾಗ ಕುಂತಿದ್ದರು."

"ಏನಂದರಪಾ?" ಅಂದರು ಅಲ್ಲೇ ಕಾದಿದ್ದ ಮಾಸ್ತರ್ರು, ಬರೆಯೋ ವಹಿ ಬಿಚ್ಚಿ.

ಭರಮ ಕೈಕಟ್ಟಿ ನಿಂತು, ಸಾಲಿ ಹುಡುಗನ ಹಾಗೆ ಒಪ್ಪಿಸಿದ: "ಗಾಣಿಗೇರ ಈರಸಂಗಪ್ಪ ಅಂದರು, 'ನೀರು ಬರೂ ಮುಂದ ನಮ್ಮನ್ನ ಯಾರೂ ಕೇಳಲಿಲ್ಲ, ಕೇಳಾಕ ಬಂದವ ನೀನೇ ಮೊದಲು.' ಕುಂಟ ತಿಪ್ಪವ್ವ ಅಂದಳು, 'ಓಣಿಯೊಳಗ ಒಂದು ಗಾಡಿ ಹಾಯ್ದು ನಲವತ್ತು ವರ್ಷಾತು, ನಿಮ್ಮ ಸೈಕಲ್ ನಮ್ಮ ಕಡೆ ಯಾಕ ಬರಬಾರದು?' ಹಲ್ಲಿಲ್ಲದ ಆಯಿ ಒಬ್ಬಾಕಿ ನನ್ನ ಗದ್ದ ಹಿಡದು ನೋಡಿದಳು. ಬಂಗಾರವ್ವ ಅಂತ ಹೆಸರು. 'ಬರ್ರಿ, ಕಾಲಿಗೆ ನೀರು ಹಾಕ್ತೀವಿ' ಅಂದಳು. ನನಗ ಹಾಕಿದಳು. ಭಾಳ ತಣ್ಣಗಿತ್ತು ಅವ್ವಾ."

ಬಂಗಾರವ್ವ ಅಂದರೆ ಚಂದವ್ವನ ಅತ್ತೆ, ಭರಮ ಕಣ್ಣಲ್ಲಿ ನೋಡದ ಅಜ್ಜಿ. ಈರಸಂಗಪ್ಪ, ತಿಪ್ಪವ್ವ, ಎಲ್ಲರೂ ಹಿನ್ನೀರು ಬರುವ ಮೊದಲೇ ಮಣ್ಣಾದವರು. ಆ ಹೆಸರುಗಳನ್ನು ಅವಳು ಮಗನ ಮುಂದೆ ಒಮ್ಮೆಯೂ ಆಡಿರಲಿಲ್ಲ.

ಮಾಸ್ತರ್ರು ಪೇಟೆಯ ಮನುಷ್ಯ, ಅವರಿಗೆ ಹೆಸರುಗಳ ಪೈಕಿ ಒಂದೂ ಗೊತ್ತಿಲ್ಲ. ಮೂರು ತಕರಾರೂ ಅಚ್ಚುಕಟ್ಟಾಗಿ ಬರೆದುಕೊಂಡರು. "ಶಾಣ್ಯಾ! ಈಗ ದಾರಿಗೆ ಬಂದಿ! ಶರ್ಯತ್ತಿನ ದಿನ ಕವಲಿನಾಗ ಝೆಂಡಾ ಹಿಡದು ನಿಂದರು. ಹುಡುಗರಿಗೆ ದಾರಿ ಗೊತ್ತಿಲ್ಲ. ಯಾವ ಕಡೆ ಮಂದಿ ಸಾಲಾಗಿ ನಿಂತು ಕಾಯ್ತಿರ್ತಾರೋ, ಆ ಕಡೆ ಝೆಂಡಾ ತೋರಸು. ಅಷ್ಟೇ."

"ಹೂನ್ರಿ."

ಚಂದವ್ವ, ಮಗನ ವಸತಿ ತಪ್ಪೀತು ಅಂತ ಮಾಸ್ತರ್ರಿಗೆ ಹೇಳದೆ, ಆ ಸಂಜೆಯೇ ಮನೆಮನೆಗೂ ಹೋಗಿ ಆ ಸತ್ತವರ ಹೆಸರು ಹೇಳಿದಳು. ಕೇಳಿದವರು ಕೇಳಿದ ಕೂಡಲೆ ಒಳಗೆ ಹೋದರು. ಶರ್ಯತ್ತಿನ ದಿನ ಹೊಸ ಬೇವಿನದಿನ್ನಿಯಲ್ಲಿ ಒಂದು ಬಾಗಿಲು ತೆರೆಯಲಿಲ್ಲ. ರಸ್ತೆಗೆ ಒಂದು ಕೋಳಿ ಬರಲಿಲ್ಲ.

ಭರಮ ಕವಲಿನಲ್ಲಿ ನಿಂತ. ಎಡಕ್ಕೆ ನೋಡಿದ, ಯಾರೂ ಇಲ್ಲ. ಮುಂದೆ ನೋಡಿದ, ಸಾಲಾಗಿ ಮಂದಿ, ಸೊಂಟದ ಮೇಲೆ ಕೊಡ.

ಸೈಕಲ್ಲುಗಳು ಗುಂಯ್ ಅಂತ ಬಂದವು. ಝೆಂಡಾ ನೆಟ್ಟಗೆ ತೋರಿಸಿದ.

ದಿಬ್ಬದ ಮೇಲೆ ಮಾಸ್ತರ್ರು ಸೀಟಿ ಬಾಯಲ್ಲಿ ಹಿಡಿದು ಕಾದರು. ಕಾದೇ ಕಾದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಚಂದವ್ವನಿಗೆ ಹಳೇ ರಸ್ತೆಯ ಮೇಲೆ ಧೂಳು ಕಂಡಿತು. ಧೂಳು ಇಳಿಯಿತು. ಸದ್ದೂ ಇಳಿಯಿತು. ಅವಳು ಸೆರಗು ಕಟ್ಟಿ ಓಡಿದಳು, ಹಿಂದೆ ಮಾಸ್ತರ್ರು.

"ಹುಡುಗರು ಎಲ್ಲೋ?"

"ಮಂದಿ ಇದ್ದ ಕಡೆ."

"ಯಾವ ಮಂದಿ?"

"ಅಗಾ, ಕೊಡ ಹಿಡಕೊಂಡಾರಲ್ರೀ."

ಮಾಸ್ತರ್ರಿಗೆ ಬರೀ ಮೋಟು ಗೋಡೆ ಕಂಡವು. ಬಾಯಿಂದ ಸೀಟಿ ಬಿತ್ತು.

ಚಂದವ್ವ ಮಗನ ಬೆನ್ನಿಗೆ ಗುದ್ದಿದಳು. "ಓಡೋ! ಹಡದವರ ಮಕ್ಕಳು ಅವು! ಹೋಗಿ ಎಲ್ಲಾರ್ನೂ ಕರಕೊಂಡು ಬಾ! ಅಲ್ಲಿ ಒಬ್ಬರ್ನೂ ಬಿಟ್ಟು ಬರಬ್ಯಾಡ! ಸೀದಾ ಮನಿಗೆ ತಂದು ಮುಟ್ಟಸು!"

"ಹೂಂ ಅವ್ವಾ," ಅಂದ ಭರಮ.

ಬಹಳ ಹೊತ್ತಿನ ಮೇಲೆ ಬಂದರು. ಹುಡುಗರೆಲ್ಲ ಬದುಕಿದ್ದರು, ಒಬ್ಬನೂ ಕಮ್ಮಿಯಿಲ್ಲ. ಮಾಸ್ತರ್ರು ನಡುದಾರಿಯಲ್ಲೇ ಕುಸಿದು ಕೂತು ಅತ್ತರು. ಆದರೆ ಯಾರೂ ಪೆಡಲ್ ತುಳಿಯುತ್ತಿರಲಿಲ್ಲ. ಸಾಲಾಗಿ, ಮೆಲ್ಲಗೆ, ಸೈಕಲ್ ದೂಡಿಕೊಂಡು ಬರುತ್ತಿದ್ದರು. ಕಾಲು ತೊಯ್ದಿದ್ದವು. ಹಿಂದಿನ ಗಾಲಿಗಳು ಮಾತ್ರ ಮಣ್ಣಲ್ಲಿ ಆಳಕ್ಕೆ ಹೂತುಹೋಗುತ್ತಿದ್ದವು, ಮೇಲೆ ಯಾರೋ ಕೂತ ಹಾಗೆ.

"ತಮ್ಮಾ, ಏನಾತೋ?" ಅಂತ ಮಾಸ್ತರ್ರು ಮುಂದಿನವನನ್ನು ಕೇಳಿದರು.

"ಕಾಲಿಗೆ ನೀರು ಹಾಕಿದರು ಸರ್," ಅಂದ ಹುಡುಗ.

ಚಂದವ್ವ ನಿಲ್ಲಲಿಲ್ಲ. ಮನೆ ಸೇರಿ ಬಾಗಿಲು ಹಾಕಿಕೊಂಡಳು. ಹೊರಗೆ ಭರಮನ ದನಿ ಮನೆಯಿಂದ ಮನೆಗೆ ಸರಿಯುತ್ತಿತ್ತು. ಪ್ರತಿ ಬಾಗಿಲೂ ಬಡಿಯುತ್ತಿದ್ದ, ಒಂದೂ ಬಿಡಲಿಲ್ಲ. "ಗಾಣಿಗೇರ ಕಾಕಾ, ನಿಮ್ಮೋರು ಬಂದಾರ, ತಗೀರಿ! ಸೋಮವ್ವ ಚಿಗವ್ವಾ, ತಿಪ್ಪವ್ವ ಬಂದಾಳ!"

ಕಡೆಗೆ ತನ್ನ ಮನೆಗೆ ಬಂದ. "ಅವ್ವಾ, ಆಯಿ ಬಂದಾಳ."

ಮಗನೊಬ್ಬ ಹೊರಗಿದ್ದಾನೆ, ತೆಗೆಯದೆ ಹೇಗಿರುತ್ತಾಳೆ? ತೆಗೆದಳು. ಭರಮ ಒಬ್ಬನೇ ನಿಂತಿದ್ದ. ಪಕ್ಕದ ಕಲ್ಲಿನ ಮೇಲೆ ಎರಡು ಒದ್ದೆ ಹೆಜ್ಜೆ. ಬೆರಳು ಒಳಗಿನ ಕಡೆ. ಅದರ ಹಿಂದೆ ಎರಡು, ಅದರ ಹಿಂದೆ ಮತ್ತೆರಡು, ರಸ್ತೆತನಕ.

ಬಾಗಿಲಿಗೆ ಅತ್ತೆ ಬಂದರೆ ಸೊಸೆಯ ಕೈ ಸುಮ್ಮನಿರುತ್ತದೆಯೇ? ತಲೆ ಬೇಡ ಅಂತಿತ್ತು. ಕೈ ಕೊಡ ಎತ್ತಿಕೊಂಡಿತು. ಎತ್ತಿ ಹಾಕಿತು. ನೀರು ಕಲ್ಲಿನ ಮೇಲೆಲ್ಲ ಹರಿಯಿತು, ಎರಡು ಪಾದದಷ್ಟು ಜಾಗ ಮಾತ್ರ ಬಳಸಿಕೊಂಡು ಹೋಯಿತು, ಅಲ್ಲಿ ಯಾರೋ ನಿಂತ ಹಾಗೆ.

"ಅಯ್ಯೋ ಪೆದ್ದಾ, ನಾ ಹೇಳಿದ್ದು ಸೈಕಲ್ ಹುಡುಗರ್ನೋ!"

"ಒಬ್ಬರ್ನೂ ಬಿಡಬ್ಯಾಡ ಅಂದಿ. ಬಿಡಲಿಲ್ಲ. ಆಯಿ ಏನಂತಾಳ ಕೇಳು ಅವ್ವಾ. 'ನೀ ಹೋದಮ್ಯಾಲೆ ಇವನ್ನ ನೋಡಾವರ್ಯಾರಂತ ಅಳಬ್ಯಾಡ, ನಾವೆಲ್ಲಾ ಬಂದೀವಿ' ಅಂತಾಳ."

ಚಂದವ್ವ ಕೊಡ ಬಿಸಾಕಿ ಹಿಂದಕ್ಕೆ ಸರಿದಳು. "ಬಾಗಲಾ ಹಾಕೋ! ನಿನಗ ಕೈ ಮುಗೀತೀನಿ, ಜಲ್ದಿ ಬಾಗಲಾ ಹಾಕು!"

"ಹೂಂ ಅವ್ವಾ," ಅಂದ ಭರಮ.

ಅವ್ವ ಹೇಳಿದ್ದನ್ನು ಯಾವತ್ತೂ ಮೀರಿದವನಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಕಾಲು ಎಡವೀತು, ಮೆಲ್ಲಕ ಬಾ ಆಯೀ," ಅಂದ. ಕಡೆಯವರು ಹೊಸ್ತಿಲು ದಾಟುವತನಕ ಕಾದ. ಆಮೇಲೆ ತಾನೂ ಒಳಗೆ ಬಂದು, ಬಾಗಿಲು ಹಾಕಿ, ಭದ್ರವಾಗಿ ಚಿಲಕ ಇಟ್ಟ.