ಕೊಕ್ಕಿನ ತುದಿ ಎಲ್ಲಿ?

ಕಸೂತಿ ಅಂಗಡಿಯ ಕಂಪ್ಯೂಟರಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿನ ಹೆಬ್ಬಾವಿತ್ತು. ಚಿತ್ರ ಯಾವುದೇ ಇರಲಿ, ಅದರ ಅಂಚನ್ನು ಸುತ್ತಿ ಬಂದು, ಅಂಚಿನ ಪ್ರತಿ ಚುಕ್ಕಿಯ ಜಾಗವನ್ನೂ ಅಡ್ಡಕ್ಕೆ ಇಷ್ಟು, ಕೆಳಕ್ಕೆ ಇಷ್ಟು ಎಂದು ಎರಡೆರಡು ಸಂಖ್ಯೆಗಳಲ್ಲಿ ಹೇಳುವುದು ಅದರ ಕಸುಬು. ಆ ಹೆಮ್ಮೆಯಲ್ಲಿ, ಕಾಲೇ ಇಲ್ಲದಿದ್ದರೂ, ಅದರ ಕಾಲು ನೆಲದ ಮೇಲಿರಲಿಲ್ಲ.

ಒಂದು ದಿನ ಅದು ನವಿಲಿನ ಚಿತ್ರವನ್ನು ಸುತ್ತಿ ಮುಗಿಸಿ, ಕಸೂತಿ ಯಂತ್ರದ ಸೂಜಿಗೆ ಅಪ್ಪಣೆ ಕೊಟ್ಟಿತು: "ಕೊಕ್ಕಿನ ತುದಿ ನಲವತ್ತು, ಮುನ್ನೂರು. ಚುಚ್ಚು!"

ಸೂಜಿ ರೇಷ್ಮೆ ಸೀರೆಯ ಮೇಲೆ ತಡೆದು ನಿಂತಿತು. "ಸ್ವಾಮಿ, ಅಡ್ಡಕ್ಕೆ ನಲವತ್ತೋ, ಕೆಳಕ್ಕೆ ನಲವತ್ತೋ?"

"ಎಂಟುನೂರು ಚುಕ್ಕಿ ಹುಡುಕಿದ ನನ್ನನ್ನು ಕೇಳಲು ನೀನ್ಯಾರು?"

"ತಾವು ತಪ್ಪಿದರೆ ಅಳಿಸಿ ಬರೆಯುತ್ತೀರಿ. ನಾನು ತಪ್ಪಿದರೆ ರೇಷ್ಮೆಗೆ ತೂತು."

ಹೆಬ್ಬಾವು ಬುಸುಗುಟ್ಟುತ್ತಲೇ ಚಿತ್ರದತ್ತ ತಿರುಗಿತು. ಅಡ್ಡದ ಸಂಖ್ಯೆ ಮೊದಲು ಬರಬೇಕಾದಲ್ಲಿ ತಾನು ಕೆಳಕ್ಕಿನ ಸಂಖ್ಯೆಯನ್ನು ಹೇಳಿಬಿಟ್ಟಿತ್ತು. ಸೂಜಿ ಚುಚ್ಚಿದ್ದರೆ ನವಿಲಿಗೆ ಬಾಲದಲ್ಲಿ ಕೊಕ್ಕು ಮೂಡುತ್ತಿತ್ತು!

"ಅಡ್ಡಕ್ಕೆ ಮುನ್ನೂರು, ಕೆಳಕ್ಕೆ ನಲವತ್ತು," ಎಂದಿತು ಹೆಬ್ಬಾವು, ಹೆಡೆಯಿಲ್ಲದ ತಲೆಯನ್ನು ಇನ್ನಷ್ಟು ಎತ್ತಿ. "ನಾನು ಹೇಳಿದ್ದೂ ಅದನ್ನೇ."

ಸೂಜಿ ಎದುರಾಡದೆ ತಲೆ ತಗ್ಗಿಸಿತು. ತಗ್ಗಿದ ಆ ತಲೆಯ ಕೆಳಗೇ ನವಿಲಿನ ಕೊಕ್ಕು ಮೂಡಿತು.