ದ್ಯಾವಯ್ಯನ ಕಾಲು

ಅಯ್ಯೋ, ಕೇಳಿ ಇಲ್ಲಿ! ಅಮಲ್ದಾರ್ರಿಗೆ ಸೊಂಟ ಉಳುಕಿ ಬಗ್ಗಕ್ಕೇ ಆಗ್ತಿರ್ಲಿಲ್ಲ. ಜವಾನ ದ್ಯಾವಯ್ಯನ್ನ ಕರೆದು ಗುಡುಗಿದ್ರು.

"ಕಾಲು ಮುಂದಾಗಿ ಹುಟ್ಟಿದೋರು ಒದ್ರೆ ಉಳುಕು ಹೋಗತ್ತಂತೆ. ಮಧ್ಯಾಹ್ನದೊಳಗೆ ಒಬ್ಬನ್ನ ಹಿಡ್ಕೊಂಡ್ ಬಾ. ಇಲ್ದಿದ್ರೆ ನಿನ್ ಕೆಲಸ ಹೋಯ್ತು!"

ಊರೆಲ್ಲಾ ಸುತ್ತಿದ್ರೂ ಅಂಥೋರು ಒಬ್ರೂ ಇಲ್ಲ! ದ್ಯಾವಯ್ಯ ವಾಪಸ್ ಬಂದು ಕೈ ಮುಗಿದ. "ಸ್ವಾಮೀ, ನಾನೇ ಹಾಗೆ ಹುಟ್ಟಿದೋನು."

"ಮೊದ್ಲೇ ಬೊಗಳ್ಬಾರ್ದೇನೋ! ಒದಿ!"

ದ್ಯಾವಯ್ಯ ಕಣ್ಮುಚ್ಕೊಂಡು ಸೊಂಟಕ್ಕೆ ಮೆತ್ತಗೆ ಮೂರು ಸಲ ಒದ್ದ. "ಆಹಾ!" ಅಂದ ಅಮಲ್ದಾರ್ರಿಗೆ ಆಮೇಲೆ ಯಾಕೋ ಅನುಮಾನ ಬಂತು. "ನಿಜ ಹೇಳೋ, ನಿಮ್ಮಮ್ಮನಾಣೆ!"

ಅಮ್ಮನಾಣೆ ಅಂದ್ಮೇಲೆ ಸುಳ್ಳು ಹೇಳೋದ್ ಹೆಂಗೆ? ದ್ಯಾವಯ್ಯ ಮೆಲ್ಲಗೆ ಮೇಜಿನ ಮೇಲಿದ್ದ ಬೆತ್ತಾನ ನೆಲಕ್ಕೆ ಬೀಳಿಸ್ದ. ಅದನ್ನ ಎತ್ಕೊಳ್ಳಕ್ಕೆ ಅಮಲ್ದಾರ್ರು ಬಗ್ಗಕ್ಕಾಗ್ದಿದ್ರೆ ಏಟು ಬೀಳಲ್ಲ. ಬಗ್ಗಿದ್ರೆ ನೋವು ಹೋಗಿದೆ ಅಂತರ್ಥ!

"ಎಲ್ಲರ ಥರ ತಲೇನೇ ಮುಂದು, ಸ್ವಾಮಿ."

"ಕಳ್ಳ! ಸುಮ್ಸುಮ್ನೆ ನನ್ನನ್ನೇ ಒದ್ದ್ಯಾ?" ಸರಕ್ಕಂತ ಬಗ್ಗಿ ಬೆತ್ತ ಎತ್ಕೊಂಡ್ರು!

"ಸ್ವಾಮೀ, ಬಗ್ಗಿದ್ರಿ!"

ಅಮಲ್ದಾರ್ರು ಬೆತ್ತ ನೋಡಿದ್ರು, ನೆಲ ನೋಡಿದ್ರು. ಇನ್ನೊಂದ್ಸಲ ಬಗ್ಗಿದ್ರು. ನೋವೇ ಇಲ್ಲ! ದ್ಯಾವಯ್ಯ ತನ್ನ ಕಾಲನ್ನ ತಾನೇ ನೋಡ್ಕೊಂಡ.

ಮುಂದಿನ ತಿಂಗಳು ಅಮಲ್ದಾರ್ರ ಸೊಂಟ ಮತ್ತೆ ಉಳುಕ್ತು. ಈ ಸಲ ನಿಜವಾಗ್ಲೂ ಕಾಲು ಮುಂದಾಗಿ ಹುಟ್ಟಿದೋನೊಬ್ಬ ಪಕ್ಕದೂರಿಂದ ಬಾಗಿಲಿಗೇ ಬಂದು ನಿಂತಿದ್ದ.

"ಅವನು ಯಾರಿಗ್ ಬೇಕು?" ಅಂದ್ರು ಅಮಲ್ದಾರ್ರು. "ನಮ್ ದ್ಯಾವಯ್ಯನ್ನ ಕರೀರಿ!"