ಎಲೆಯ ತುದಿಯ ಉಪ್ಪು

"ಅಮ್ಮ, ಎದುರಿನವರೇ ಮರೆತುಬಿಟ್ಟ ತಪ್ಪಿಗೆ ನಾವಾಗಿ ಹೋಗಿ ಕ್ಷಮೆ ಕೇಳಬೇಕೇ? ಸುಮ್ಮನಿದ್ದರೆ ಮನೆ ತಣ್ಣಗಿರುವುದಿಲ್ಲವೇ?" ಎಂದು ವಸುಮತಿ ಕೇಳಿದಳು.

ಮರುದಿನ ಅವಳು ಹಬ್ಬಕ್ಕೆ ಊರಿಗೆ ಹೊರಟಿದ್ದಳು. ಹಿಂದಿನ ಹಬ್ಬದಲ್ಲಿ ಪಾಯಸ ತಳ ಹಿಡಿಸಿದವಳು ತಾನು, ಬೈಸಿಕೊಂಡವಳು ಓರಗಿತ್ತಿ. ಓರಗಿತ್ತಿ ಆ ಮಾತನ್ನು ಮತ್ತೆ ಎತ್ತಿರಲಿಲ್ಲ.

ಪಾಠ ಹೇಳುತ್ತಿದ್ದ ಅಮ್ಮನವರು ಪುಸ್ತಕ ಮುಚ್ಚಿದರು. ಪೆಟ್ಟಿಗೆಯಿಂದ ಹಳೆಯದೊಂದು ದಿನಚರಿ ತೆಗೆದು ಓದಿದರು:

"ಹದಿನಾಲ್ಕು ಜನವರಿ ೧೯೭೪, ಸೋಮವಾರ. ಸಂಕ್ರಾಂತಿ. ಹನ್ನೊಂದು ಎಲೆ. ಸಿಹಿ ಹುಗ್ಗಿ, ಖಾರದ ಹುಗ್ಗಿ, ಅವರೆಕಾಳಿನ ಹುಳಿ, ಗೆಣಸಿನ ಪಲ್ಯ. ಎಲ್ಲರೂ ಹೊಗಳಿದರು."

ಆಮೇಲೆ, "ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೂ ಇಡೀ ಬರಹ ಸುಳ್ಳು. ಕೇಳು" ಎಂದು ಕತೆ ಹೇಳಿದರು.

ಒಬ್ಬ ಗೃಹಿಣಿ ಇದ್ದಳು. ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಬಿ.ಎ. ಪಾಸು ಮಾಡಿದ್ದಳು. ಮನೆಯ ಒಂದೊಂದು ಹಬ್ಬವನ್ನೂ ಬರೆದಿಡುತ್ತಿದ್ದಳು. ಎಷ್ಟು ಎಲೆ, ಎಷ್ಟು ಸೇರು ಅಕ್ಕಿ, ಯಾರು ಬಂದರು, ಯಾರು ಏನನ್ನು ಎರಡನೆಯ ಸಲ ಹಾಕಿಸಿಕೊಂಡರು, ಎಲ್ಲವೂ ಅಲ್ಲಿತ್ತು. ಉಪ್ಪಿನ ಅಳತೆ ಮಾತ್ರ ಇರಲಿಲ್ಲ. ಅದು ಆಕೆಯ ಕೈಯಲ್ಲಿತ್ತು.

ಹಬ್ಬದ ಅಡುಗೆಯನ್ನು ದೇವರಿಗೆ ತೋರಿಸುವ ಮೊದಲು ಯಾರೂ ನಾಲಿಗೆಗೆ ಸೋಕಿಸುವಂತಿಲ್ಲ. ರುಚಿ ನೋಡದೆಯೇ ಉಪ್ಪು ಹಾಕಬೇಕು. ಇಪ್ಪತ್ತೆರಡು ವರ್ಷ ಆ ಕೈ ಒಮ್ಮೆಯೂ ತಪ್ಪಿರಲಿಲ್ಲ. "ಆಕೆಯ ಕೈಯೇ ತಕ್ಕಡಿ" ಎಂದು ಬೀದಿಯವರು ಹೇಳುತ್ತಿದ್ದರು. ಬಿ.ಎ.ಗಿಂತ ಆ ಮಾತು ಆಕೆಗೆ ದೊಡ್ಡದಾಗಿತ್ತು.

ಆ ವರ್ಷ ಮನೆಗೆ ಹೊಸ ಸೊಸೆ ಬಂದಿದ್ದಳು. ಅವಳಿಗೆ ಅದು ಅತ್ತೆಮನೆಯ ಮೊದಲ ಸಂಕ್ರಾಂತಿ. ಅವಳ ತಂದೆ ಹಳ್ಳಿಯ ಶಾಲೆಯ ಮೇಷ್ಟರು, ಅನುಕೂಲ ಅಷ್ಟಕ್ಕಷ್ಟೆ. ಅಂದು ಬೆಳಗಿನ ಬಸ್ಸಿಗೆ ನಾಲ್ಕು ಕಬ್ಬಿನ ಜಲ್ಲೆ, ಒಂದು ಚೀಲ ಅವರೆಕಾಯಿ ಹೊತ್ತು ಬಂದರು. ಗೃಹಿಣಿಯ ಗಂಡನ ಅಕ್ಕನೂ ಹಬ್ಬಕ್ಕೆ ಬಂದಿದ್ದಳು. ಎಲುಬಿಲ್ಲದ ನಾಲಿಗೆ ಎನ್ನುತ್ತಾರಲ್ಲ, ಅದು ಆಕೆಯದು.

ಗೃಹಿಣಿಯ ಅಡುಗೆಗೆ ಒಂದು ಕ್ರಮವಿತ್ತು. ಎಲ್ಲವೂ ಬೆಂದ ಮೇಲೆ ಉಪ್ಪಿನ ಮರಿಗೆಯನ್ನು ಎತ್ತಿಕೊಂಡು, ಸಿಹಿಯೊಂದನ್ನು ಬಿಟ್ಟು ಒಂದೇ ಸುತ್ತಿನಲ್ಲಿ ಎಲ್ಲ ಪಾತ್ರೆಗಳಿಗೂ ಉಪ್ಪು ಹಾಕಿಬಿಡುವುದು. ಅಂದು ಮುಂಜಾನೆ ಸೊಸೆ ಮರಿಗೆಗೆ ಉಪ್ಪು ತುಂಬಿ, ಅಂಗೈಯಿಂದ ಒತ್ತಿ ಮಟ್ಟ ಮಾಡಿ, ಒಲೆಯ ಪಕ್ಕದಲ್ಲಿಟ್ಟು ಹೊರಗೆ ಬಂದಳು. ಆಮೇಲೆ ಅಡುಗೆಮನೆಗೆ ಮಡಿಯುಟ್ಟ ಗೃಹಿಣಿಯೊಬ್ಬಳೇ.

ಪಾತ್ರೆಗಳು ಒಲೆಯಿಂದ ಇಳಿದವು. ಮರಿಗೆಗೆ ಕೈ ಹಾಕಬೇಕು, ಅಷ್ಟರಲ್ಲಿ ಗಂಡನ ಅಕ್ಕ ಹೊಸಿಲ ಬಳಿ ಬಂದು ನಿಂತಳು.

"ರುಚಿ ನೋಡದೆ ಅದು ಹೇಗೆ ಉಪ್ಪು ಹಾಕ್ತೀಯೇ ತಾಯಿ? ನನ್ನ ಕೈಗೆ ಬಿಟ್ಟರೆ ಒಂದು ದಿನ ಸಮುದ್ರ, ಒಂದು ದಿನ ಬಾವಿ ನೀರು."

ಗೃಹಿಣಿ ಕಾಯುತ್ತಿದ್ದದ್ದೇ ಇಂಥ ಪ್ರಶ್ನೆಗೆ. ಸೆರಗಿಗೆ ಕೈ ಒರೆಸಿಕೊಂಡು ಹೇಳತೊಡಗಿದಳು. ಬೇಳೆಗೆ ಎಷ್ಟು, ಗೆಣಸಿಗೆ ಯಾಕೆ ಕಡಿಮೆ, ಮದುವೆ ಮನೆಯೊಂದರಲ್ಲಿ ಅಡುಗೆ ಭಟ್ಟರು ತನ್ನನ್ನು ಕರೆಸಿ ಉಪ್ಪು ಹಾಕಿಸಿಕೊಂಡದ್ದು. ಮಾತು ಮುಗಿಯುವ ಹೊತ್ತಿಗೆ ದೇವರ ಕೋಣೆಯಲ್ಲಿ ಗಂಟೆ ಮೊಳಗಿತು. "ನೈವೇದ್ಯ ಬರಲಿ" ಎಂದು ಯಜಮಾನರು ಕೂಗಿದರು. ಆಕೆ ಪಾತ್ರೆಗಳನ್ನು ಎತ್ತಿಕೊಂಡು ಹೋದಳು. ಉಪ್ಪಿನ ಮಾತಾಡುತ್ತಾ ಉಪ್ಪು ಹಾಕುವುದನ್ನೇ ಮರೆತಿದ್ದಳು.

ಅದನ್ನು ಕಂಡವಳು ಸೊಸೆಯೊಬ್ಬಳೇ. ಹೊಸಿಲಾಚೆಯಿಂದ ನೋಡಿದರೆ, ಮರಿಗೆಯ ಉಪ್ಪಿನ ಮೇಲೆ ಅವಳ ಅಂಗೈಯ ಗುರುತು ಬೆಳಗ್ಗೆ ಇದ್ದ ಹಾಗೆಯೇ ಇತ್ತು.

"ಅತ್ತೆ, ಉಪ್ಪು..." ಎಂದಳು.

"ನೈವೇದ್ಯದ ಹೊತ್ತಿನಲ್ಲಿ ಎಂಥ ಮಾತೇ? ಉಪ್ಪಿನ ಪಾಠ ನಿನ್ನಿಂದ ಕಲೀಬೇಕೇನು ನಾನು? ಹೋಗಿ ಎಲೆ ಹಾಕು."

ಸೊಸೆ ಹೋಗಿ ಎಲೆ ಹಾಕಿದಳು. ಎಲ್ಲಕ್ಕಿಂತ ಮೊದಲು ಎಲೆಯ ಎಡತುದಿಗೆ ಒಂದು ಚಿಟಿಕೆ ಉಪ್ಪು ಬಡಿಸುವುದು ವಾಡಿಕೆ. ಅವಳು ಉಗ್ರಾಣದ ಭರಣಿಯಿಂದ ಉಪ್ಪು ತಂದು, ಒಂದೊಂದು ಎಲೆಗೂ ನೆಲ್ಲಿಕಾಯಿ ಗಾತ್ರದ ಗುಪ್ಪೆ ಇಟ್ಟಳು.

ಜನ ಕುಳಿತರು. ಹನ್ನೊಂದನೆಯ ಎಲೆಗೆ ಮೇಷ್ಟರು. ಹುಳಿಯ ಸೌಟು ಹಿಡಿದು ಬಂದ ಗೃಹಿಣಿ ಎಲೆಗಳನ್ನು ನೋಡಿ ನಿಂತಳು.

"ಇದೇನೇ ಇದು? ಜನಕ್ಕೆ ಹಾಕಿದ ಎಲೆಯೋ, ದನಕ್ಕೆ ಇಟ್ಟ ಕಲಗಚ್ಚೋ?"

"ಹೋಗಲಿ ಬಿಡೇ," ಎಂದಳು ಗಂಡನ ಅಕ್ಕ. "ಅವಳ ತವರಲ್ಲಿ ಉಪ್ಪೇ ಪಲ್ಯವೇನೋ!"

ಪಂಕ್ತಿ ನಕ್ಕಿತು. ಗೃಹಿಣಿಯೂ ನಕ್ಕಳು. ಸೊಸೆ ತಲೆ ತಗ್ಗಿಸಿದಳು. ಹನ್ನೊಂದನೆಯ ಎಲೆಯ ಮುಂದೆ ಮೇಷ್ಟರೂ ತಲೆ ತಗ್ಗಿಸಿದರು.

ಊಟ ಶುರುವಾಯಿತು. ನಾಲ್ಕು ತುತ್ತಿಗೆ ಪಂಕ್ತಿ ಸದ್ದಿಲ್ಲದಾಯಿತು. ಅಡುಗೆ ರುಚಿಯಾದರೆ ಮಾತು ನಿಲ್ಲುತ್ತದೆ ಎಂದು ಗೃಹಿಣಿ ಒಳಗೊಳಗೇ ಹಿಗ್ಗಿದಳು. "ಅವರೆಕಾಳು ಹದವಾಗಿ ಬೆಂದಿದೆ" ಎಂದರು ಒಬ್ಬರು. "ಇನ್ನೊಂದು ಸೌಟು ಹುಳಿ" ಎಂದರು ಇನ್ನೊಬ್ಬರು. ಗಂಡನ ಅಕ್ಕ, ಎಂದೂ ಹೊಗಳದವಳು, "ಚೆನ್ನಾಗಿದೆ ಕಣೇ" ಎಂದಳು. ಏಳುವಾಗ ಮೇಷ್ಟರು ಕೈ ಮುಗಿದು, "ಊಟ ಸೊಗಸಾಗಿತ್ತು, ಬೀಗಿತ್ತಿಯವರೇ" ಎಂದರು.

ಎಲ್ಲರೂ ಕೈ ತೊಳೆಯಲು ಹೋದರು. ಎಲೆ ತೆಗೆಯಲೆಂದು ಬಗ್ಗಿದ ಗೃಹಿಣಿ ಬಗ್ಗಿದಂತೆಯೇ ಇದ್ದುಬಿಟ್ಟಳು. ಹನ್ನೊಂದು ಎಲೆ. ಹನ್ನೊಂದರಲ್ಲೂ ಉಪ್ಪಿನ ಜಾಗ ಖಾಲಿ. ಗಂಡನ ಅಕ್ಕನ ಎಲೆಯ ತುದಿಯನ್ನಂತೂ ಬೆರಳಿನಿಂದ ಬಳಿದು ತೆಗೆದಂತಿತ್ತು.

ಒಳಗೆ ಹೋಗಿ ಒಂದು ತುತ್ತು ಖಾರದ ಹುಗ್ಗಿ ಬಾಯಿಗಿಟ್ಟಳು. ಮೆಣಸಿತ್ತು, ಜೀರಿಗೆಯಿತ್ತು, ತುಪ್ಪವಿತ್ತು. ಒಲೆಯ ಪಕ್ಕದ ಮರಿಗೆಯಲ್ಲಿ ಸೊಸೆಯ ಅಂಗೈ ಗುರುತಿತ್ತು.

ಮನೆಯ ಜನವೆಲ್ಲ ಸೇರಿ, ಬಾಯಿ ಬಿಡದೆ, ಆಕೆಯ ಮಾನವನ್ನು ಕಾದಿದ್ದರು. ಕಾಯುವ ಉಪಾಯ ಹುಡುಕಿದವಳು ಸೊಸೆ. ಆ ಸೊಸೆಯ ತವರನ್ನು ಅವಳ ತಂದೆಯ ಎದುರಿಗೇ ಆಡಿಕೊಂಡಾಗ ತಾನು ನಕ್ಕಿದ್ದಳು.

ಮೇಷ್ಟರು ಜಗುಲಿಯಲ್ಲಿ ತಾಂಬೂಲ ಹಾಕಿಕೊಳ್ಳುತ್ತಿದ್ದರು. "ಉಪ್ಪು ಮರೆತವಳು ನಾನು" ಎಂದರೆ ಸಾಕಿತ್ತು. ಆಕೆ ಎಳ್ಳಿನ ತಟ್ಟೆ ಹಿಡಿದು ಹೋದಳು. ಪಕ್ಕದಲ್ಲಿ ಗಂಡನ ಅಕ್ಕ ಕುಳಿತಿದ್ದಳು. ಬಿ.ಎ. ಓದಿದ ನಾಲಿಗೆ ಹೊರಳಲಿಲ್ಲ. ಮೇಷ್ಟರು ಎಳ್ಳು ತೆಗೆದುಕೊಂಡು, "ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡೋಣ ತಾಯಿ" ಎಂದು ಹಬ್ಬದ ಮಾತು ಹೇಳಿದರು. ಹೇಳಿ, ಆಕೆಯ ಮುಖವನ್ನೇ ನೋಡಿದರು. ಸ್ವಲ್ಪ ಹೊತ್ತು ನೋಡಿದರು.

"ಆಗಲಿ" ಎಂದಳು ಆಕೆ. ಒಳಗೆ ಬಂದು ದಿನಚರಿ ಬರೆದಳು.

ಮರುವರ್ಷದ ಸಂಕ್ರಾಂತಿಗೂ ಮೇಷ್ಟರು ಕಬ್ಬು, ಅವರೆಕಾಯಿ ಹೊತ್ತು ಬಂದರು. ಎಲೆ ಹಾಕಿದಾಗ, "ಊಟ ಮುಗಿಸಿಕೊಂಡೇ ಹೊರಟೆ ತಾಯಿ. ಒಂದು ಲೋಟ ನೀರು ಕೊಡಿ, ಸಾಕು" ಎಂದರು. ಬೆಳಗಿನ ಬಸ್ಸಿಗೆ ಬಂದವರು ಹಬ್ಬದ ಊಟವನ್ನು ಎಲ್ಲಿ ಮುಗಿಸಿದರು ಎಂದು ಆಕೆ ಕೇಳಲಿಲ್ಲ. ನೀರು ಕೊಟ್ಟಳು. ಅದರ ಮರುವರ್ಷವೂ ಅದೇ ಮಾತು, ಅದೇ ಲೋಟ. ದಿನಚರಿಯಲ್ಲಿ ಆಕೆ ಅದನ್ನೂ ತಪ್ಪದೆ ಬರೆದಳು: "ಬೀಗರು ಬಂದಿದ್ದರು. ಊಟ ಆಗಿತ್ತು. ನೀರು ಕುಡಿದರು."

ಸೊಸೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಅತ್ತೆ ಜ್ವರದಿಂದ ಮಲಗಿದಾಗ ತಲೆ ಹಿಡಿದು ಗಂಜಿ ಕುಡಿಸಿದಳು. ಗಂಜಿಗೆ ಉಪ್ಪು ಸರಿಯಾಗಿಯೇ ಇರುತ್ತಿತ್ತು. ಅವಳು ಮರೆತಿದ್ದಾಳೆ ಎಂದು ಗೃಹಿಣಿ ತನಗೆ ತಾನೇ ಹೇಳಿಕೊಂಡಳು. ಮರೆತದ್ದನ್ನು ಕೆದಕುವುದೇಕೆ ಎಂದೂ ಹೇಳಿಕೊಂಡಳು. ಹೀಗೆ ಹೇಳಿಕೊಳ್ಳುತ್ತಾ, ಆ ಹಬ್ಬದ ಮೇಲೆ ಮತ್ತೆ ಒಂಬತ್ತು ಸಂಕ್ರಾಂತಿ ಕಳೆದವು.

ಹತ್ತನೆಯದಕ್ಕೆ ಒಂದು ತಿಂಗಳಿರುವಾಗ ಮೇಷ್ಟರು ತೀರಿಕೊಂಡರು.

ಆ ಸಂಕ್ರಾಂತಿಯ ದಿನ, ಒಲೆಯ ಮುಂದೆ, ಗೃಹಿಣಿ ಬಾಯಿ ಬಿಟ್ಟಳು. "ಅಂದು ಉಪ್ಪು ಮರೆತವಳು ನಾನು. ನಿನ್ನ ತಂದೆಯ ಎದುರು ನಾನು ನಗಬಾರದಿತ್ತು. ತಪ್ಪಾಯಿತಮ್ಮ."

ಸೊಸೆ ಉರಿ ಸಣ್ಣ ಮಾಡಿದಳು. "ಪ್ರತಿ ಸಲ ಬಸ್ಸು ಹತ್ತುವಾಗ ಅಪ್ಪ ಕೇಳುತ್ತಿದ್ದರು ಅತ್ತೆ. 'ನಿಮ್ಮ ಅತ್ತೆ ಉಪ್ಪಿನ ಮಾತು ಏನಾದರೂ ಎತ್ತಿದರೇನಮ್ಮ?' ಅಂತ. 'ಇನ್ನೂ ಇಲ್ಲಪ್ಪ, ಎತ್ತುತ್ತಾರೆ' ಅಂತಿದ್ದೆ."

ಪಾತ್ರೆಯ ಮುಚ್ಚಳ ತೆಗೆದು, "ಹುಳಿ ಕುದೀತಾ ಇದೆ. ಉಪ್ಪು ನೀವು ಹಾಕ್ತೀರೋ, ನಾನೇ ಹಾಕಲೋ?" ಎಂದಳು.

ಗೃಹಿಣಿ ಮರಿಗೆಯನ್ನು ಅವಳ ಕೈಗೆ ಕೊಟ್ಟಳು.

ಅಮ್ಮನವರು ಕತೆ ನಿಲ್ಲಿಸಿದರು.

ವಸುಮತಿ ಸಮಾಧಾನದ ಉಸಿರು ಬಿಟ್ಟಳು. "ಸೊಸೆ ದೊಡ್ಡ ಮನಸ್ಸಿನವಳು. ತಡವಾದರೂ ಕ್ಷಮಿಸಿದಳು. ಅಂದಮೇಲೆ ಆ ಗೃಹಿಣಿ ಸುಮ್ಮನಿದ್ದದ್ದರಿಂದ ಆದ ನಷ್ಟವಾದರೂ ಏನಮ್ಮ?"

ಅಮ್ಮನವರು ದಿನಚರಿ ಮುಚ್ಚಿ ಹೇಳಿದರು:

"ಒಂಬತ್ತು ಹಬ್ಬದ ದಿನ ಹಸಿದು ಬಂದ ಹಿರಿಯರನ್ನು ನಾನು ಒಂಬತ್ತು ಲೋಟ ನೀರು ಕೊಟ್ಟು ಕಳಿಸಿದೆ."